ಮೂವತ್ತು ದಾಟಿದ ಮೇಲೆ ಮಗುವಿನ ಯೋಜನೆ: ಅಂಡಾಣುವಿನ ವಯಸ್ಸನ್ನು ತಿಳಿದು ಹೆಜ್ಜೆ ಇಡುವುದು ಹೇಗೆ

ಗರ್ಭ ನಿಲ್ಲುತ್ತಿಲ್ಲವೆಂದು ಪರೀಕ್ಷೆಗೆ ಹೋದ ಅನೇಕ ದಂಪತಿಗಳು ಮನೆಗೆ ಮರಳುವಾಗ ಅವರ ಕೈಯಲ್ಲಿ ಎಎಂಎಚ್ ಎಂಬ ರಕ್ತಪರೀಕ್ಷೆಯ ವರದಿ ಇರುತ್ತದೆ. ಅದರಲ್ಲಿರುವ ಸಂಖ್ಯೆ ಹೆಚ್ಚಿದ್ದರೆ ಇನ್ನೂ ಬೇಕಾದಷ್ಟು ಸಮಯವಿದೆ ಎಂಬ ನೆಮ್ಮದಿ ಮೂಡುತ್ತದೆ. ಕಡಿಮೆಯಿದ್ದರೆ ಎಲ್ಲವೂ ಮುಗಿದುಹೋಯಿತೆಂಬ ದುಃಖ ಆವರಿಸುತ್ತದೆ. ಈ ಎರಡು ತೀರ್ಮಾನಗಳೂ ತಪ್ಪಾಗಿರುವ ಸಾಧ್ಯತೆ ಬಹಳ. ಆ ಪರೀಕ್ಷೆಯಿಂದ ತಿಳಿಯುವುದು ಅಂಡಾಶಯದಲ್ಲಿ ಎಷ್ಟು ಅಂಡಾಣುಗಳು ಉಳಿದಿರಬಹುದು ಎಂಬ ಅಂದಾಜು ಮಾತ್ರ. ಆ ಅಂಡಾಣುಗಳ ಗುಣ ಹೇಗಿದೆ ಎಂಬುದನ್ನು ಅಳೆದು ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇಂದಿಗೂ ಇಲ್ಲ. ಅದರ ಬಗ್ಗೆ ಸಿಗುವ ಅತ್ಯಂತ ನಂಬಲರ್ಹ ಸುಳಿವೆಂದರೆ ಮಹಿಳೆಯ ವಯಸ್ಸು. ಎಣಿಕೆ ಬೇರೆ, ಗುಣ ಬೇರೆ ಎಂಬ ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿ ಗಟ್ಟಿಯಾದರೆ ಯಾವಾಗ ಕಾಯಬಹುದು, ಯಾವಾಗ ಕಾಯಬಾರದು, ಯಾವ ಚಿಕಿತ್ಸೆಗೆ ಹಣ ಕೊಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಬಹುಮಟ್ಟಿಗೆ ಸುಲಭವಾಗುತ್ತದೆ.

ಓದು, ಉದ್ಯೋಗ, ತವರಿನ ಹೊಣೆ, ಒಪ್ಪುವ ಸಂಬಂಧ ಸಿಗದಿರುವುದು ಮುಂತಾದ ಹಲವು ಕಾರಣಗಳಿಂದ ಮದುವೆಯೋ ಮಗುವೋ ತಡವಾಗುತ್ತದೆ. ಇದರಲ್ಲಿ ಯಾರೂ ತಲೆತಗ್ಗಿಸಬೇಕಾದದ್ದು ಏನೂ ಇಲ್ಲ. ಆದರೆ ಅಂಡಾಶಯಕ್ಕೆ ಈ ಕಾರಣಗಳು ಗೊತ್ತಾಗುವುದಿಲ್ಲ. ಆದ್ದರಿಂದ ಅದರ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳೋಣ.

ಅಂಡಾಣುವಿಗೆ ವಯಸ್ಸಾಗುವುದು ಎಂದರೇನು

ಗಂಡಸಿನ ದೇಹದಲ್ಲಿ ವೀರ್ಯಾಣುಗಳು ಹರೆಯದಿಂದ ಮುಪ್ಪಿನವರೆಗೂ ಹೊಸದಾಗಿ ತಯಾರಾಗುತ್ತಲೇ ಇರುತ್ತವೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಸಾಕು. ಹೆಣ್ಣಿನಲ್ಲಿ ಹಾಗಲ್ಲ. ಹೆಣ್ಣು ಶಿಶು ತಾಯಿಯ ಗರ್ಭದಲ್ಲಿ ಐದು ತಿಂಗಳು ತುಂಬುವ ಹೊತ್ತಿಗೆ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ ಅವು 10ರಿಂದ 20 ಲಕ್ಷಕ್ಕೆ, ಮೈನೆರೆಯುವ ವೇಳೆಗೆ 3ರಿಂದ 4 ಲಕ್ಷಕ್ಕೆ ಇಳಿದಿರುತ್ತವೆ. ಇಡೀ ಬದುಕಿನಲ್ಲಿ ಬಲಿತು ಹೊರಬರುವುದು 400ರಿಂದ 500 ಮಾತ್ರ. ಉಳಿದವೆಲ್ಲ ಒಳಗೇ ಕರಗಿಹೋಗುತ್ತವೆ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೂ, ಬಸಿರು ಬಾಣಂತನದ ಕಾಲದಲ್ಲಿ ಮುಟ್ಟು ನಿಂತಿದ್ದರೂ ಈ ಕರಗುವಿಕೆ ನಿಲ್ಲುವುದಿಲ್ಲ. ‘ಇಷ್ಟು ವರ್ಷ ಮಾತ್ರೆ ತೆಗೆದುಕೊಂಡಿದ್ದರಿಂದ ಅಂಡಾಣುಗಳು ಉಳಿತಾಯವಾಗಿವೆ’ ಎಂಬ ನಂಬಿಕೆಗೂ, ‘ಮಾತ್ರೆಯಿಂದಲೇ ಅಂಡಾಣುಗಳು ಹಾಳಾದವು’ ಎಂಬ ಭಯಕ್ಕೂ ಆಧಾರವಿಲ್ಲ.

ಇದು ಎಣಿಕೆಯ ಮಾತಾಯಿತು. ಗುಣದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಪ್ರತಿಯೊಂದು ಅಂಡಾಣುವಿನೊಳಗೆ ವರ್ಣತಂತುಗಳನ್ನು, ಅಂದರೆ ಕ್ರೋಮೋಸೋಮುಗಳನ್ನು, ಸರಿಪಾಲಾಗಿ ಹಂಚುವ ಕೆಲಸ ಹುಟ್ಟುವ ಮೊದಲೇ ಆರಂಭವಾಗಿ ನಡುವೆ ನಿಂತುಬಿಟ್ಟಿರುತ್ತದೆ. ಆ ಅಂಡಾಣು ಬಿಡುಗಡೆಯಾಗುವ ತಿಂಗಳಲ್ಲಷ್ಟೇ ಅದು ಮತ್ತೆ ಮುಂದುವರಿಯುತ್ತದೆ. 22ನೇ ವಯಸ್ಸಿನಲ್ಲಿ ಹೊರಬಂದ ಅಂಡಾಣು 22 ವರ್ಷ ಕಾದಿದ್ದರೆ, 40ನೇ ವಯಸ್ಸಿನಲ್ಲಿ ಹೊರಬಂದದ್ದು 40 ವರ್ಷ ಕಾದಿರುತ್ತದೆ. ಜೋಡಿ ವರ್ಣತಂತುಗಳನ್ನು ಒಟ್ಟಿಗೆ ಹಿಡಿದಿಟ್ಟಿರುವ ಕೊಹೆಸಿನ್ ಎಂಬ ಪ್ರೋಟೀನು, ಹಳೆಯ ಸೀರೆಯ ಹೊಲಿಗೆಯ ನೂಲಿನಂತೆ, ಈ ಕಾಯುವಿಕೆಯಲ್ಲಿ ಸಡಿಲವಾಗುತ್ತ ಹೋಗುತ್ತದೆ. ವರ್ಣತಂತುಗಳನ್ನು ಎರಡು ಬದಿಗೆ ಎಳೆಯುವ ಎಳೆಗಳ ಜೋಡಣೆಯೂ ಹದ ತಪ್ಪುತ್ತದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳೂ ದುರ್ಬಲವಾಗುತ್ತವೆ. ಪರಿಣಾಮವಾಗಿ ಅಂಡಾಣುವಿಗೆ ಒಂದು ವರ್ಣತಂತು ಹೆಚ್ಚಾಗಿಯೋ ಕಡಿಮೆಯಾಗಿಯೋ ಬರುತ್ತದೆ. ಇಂಥ ಅಂಡಾಣುವಿನಿಂದಾದ ಭ್ರೂಣಗಳಲ್ಲಿ ಹೆಚ್ಚಿನವು ಗರ್ಭಕೋಶಕ್ಕೆ ಅಂಟುವುದೇ ಇಲ್ಲ. ಅಂಟಿದವುಗಳಲ್ಲಿ ಬಹುಪಾಲು ಮೊದಲ ಮೂರು ತಿಂಗಳಲ್ಲಿ ಗರ್ಭಪಾತವಾಗುತ್ತವೆ. ಕೆಲವೇ ಕೆಲವು, ಬುದ್ಧಿಯ ಬೆಳವಣಿಗೆ ನಿಧಾನವಾಗುವ ಡೌನ್ ಸಿಂಡ್ರೋಮ್‌ನಂತಹ ಸ್ಥಿತಿಯೊಂದಿಗೆ ಜನಿಸುತ್ತವೆ.

ಗರ್ಭಕೋಶಕ್ಕೆ ಇಷ್ಟು ಬೇಗ ವಯಸ್ಸಾಗುವುದಿಲ್ಲ. ತರುಣಿಯೊಬ್ಬಳು ದಾನ ಮಾಡಿದ ಅಂಡಾಣುವಿನಿಂದ 40 ದಾಟಿದ ಮಹಿಳೆ ಗರ್ಭ ಧರಿಸಿದಾಗ, ಚಿಕಿತ್ಸೆ ಫಲಿಸುವ ಪ್ರಮಾಣ ಬಹುಮಟ್ಟಿಗೆ ದಾನಿಯ ವಯಸ್ಸಿಗೆ ತಕ್ಕಂತಿರುತ್ತದೆ ಎಂಬುದೇ ಇದಕ್ಕೆ ಸಾಕ್ಷಿ.

ಮೊದಲ ಹೆಜ್ಜೆ: ನಿಮ್ಮ ವಯಸ್ಸಿಗೆ ತಕ್ಕ ಗಡುವನ್ನು ಗೊತ್ತುಮಾಡಿಕೊಳ್ಳುವುದು

ಬೇರೆ ತೊಂದರೆಗಳಿಲ್ಲದ ಮಹಿಳೆಗೆ 30ರ ಆಸುಪಾಸಿನಲ್ಲಿ ಒಂದು ಋತುಚಕ್ರದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಸುಮಾರು ಶೇ. 20, 40ರ ಹೊತ್ತಿಗೆ ಅದು ಶೇ. 5ಕ್ಕಿಂತಲೂ ಕಡಿಮೆ. ಈ ಇಳಿಕೆ ಒಂದೇ ಸಮನಾಗಿ ನಡೆಯುವುದಿಲ್ಲ: 32ರವರೆಗೆ ನಿಧಾನವಾಗಿಯೂ, 37ರ ನಂತರ ವೇಗವಾಗಿಯೂ ಆಗುತ್ತದೆ. 35 ಎಂಬುದು ಒಂದೇ ದಿನದಲ್ಲಿ ಬಾಗಿಲು ಮುಚ್ಚುವ ಗಡಿಯಲ್ಲ. ಇಳಿಜಾರು ಕಡಿದಾಗತೊಡಗುವ ತಿರುವು ಎಂದು ಭಾವಿಸಿದರೆ ಸರಿಯಾದೀತು.

ಇದರ ಆಧಾರದ ಮೇಲೆ ವೈದ್ಯಕೀಯದಲ್ಲಿ ಒಪ್ಪಿತವಾದ ನಿಯಮ ಸರಳವಾಗಿದೆ. ಮಹಿಳೆಯ ವಯಸ್ಸು 35ಕ್ಕಿಂತ ಕಡಿಮೆಯಿದ್ದರೆ, ಗರ್ಭನಿರೋಧಕಗಳಿಲ್ಲದೆ ಒಂದು ವರ್ಷ ನಿಯಮಿತವಾಗಿ ಪ್ರಯತ್ನಿಸಿದ ಮೇಲೂ ಗರ್ಭ ನಿಲ್ಲದಿದ್ದಾಗ ತಜ್ಞರನ್ನು ಕಾಣಬೇಕು. 35 ದಾಟಿದ್ದರೆ ಆರು ತಿಂಗಳು ಸಾಕು. 40 ದಾಟಿದ್ದರೆ ಪ್ರಯತ್ನ ಆರಂಭಿಸುವಾಗಲೇ ಭೇಟಿ ಮಾಡುವುದು ಒಳಿತು. ‘ಇನ್ನೂ ಒಂದು ವರ್ಷ ನೋಡೋಣ, ದೇವರು ಕೊಟ್ಟಾನು’ ಎಂದು ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುವ ಮಾತು 26ರ ಸೊಸೆಗೆ ಹಾನಿ ಮಾಡದಿರಬಹುದು. 38ರ ಸೊಸೆಯ ಪಾಲಿಗೆ ಆ ಒಂದು ವರ್ಷ ಬಹಳ ದುಬಾರಿ.

ಕೆಲವರು ಈ ಗಡುವಿಗಾಗಿ ಕಾಯಲೇಬಾರದು. ಮುಟ್ಟು ಕ್ರಮ ತಪ್ಪಿದವರು, ಮೊದಲು 28 ದಿನಕ್ಕೆ ಬರುತ್ತಿದ್ದ ಮುಟ್ಟು ಈಗ 23 ಅಥವಾ 24 ದಿನಕ್ಕೇ ಬರುತ್ತಿದೆ ಎಂದು ಗಮನಿಸಿದವರು, ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್ ಇರುವವರು, ಅಂಡಾಶಯದ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಕ್ಯಾನ್ಸರಿಗೆ ಕೀಮೋ ಅಥವಾ ವಿಕಿರಣ ಚಿಕಿತ್ಸೆ ಪಡೆದವರು, ಹಿಂದೆ ಕ್ಷಯರೋಗ ಬಂದಿದ್ದವರು ಬೇಗನೆ ಹೋಗಬೇಕು. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುವ ಕಾಯಿಲೆಯಲ್ಲ. ಅದು ಅಂಡನಾಳಗಳನ್ನು ಸದ್ದಿಲ್ಲದೆ ಮುಚ್ಚಿಬಿಡುವುದು ನಮ್ಮ ದೇಶದಲ್ಲಿ ಇಂದಿಗೂ ಕಾಣುವ ಸಂಗತಿ. ಇದರ ಜೊತೆಗೆ ಒಂದು ಪ್ರಶ್ನೆಯನ್ನು ತಾಯಿ ಮತ್ತು ಅಕ್ಕಂದಿರಿಗೆ ಸಂಕೋಚವಿಲ್ಲದೆ ಕೇಳಿ: ಅವರಿಗೆ ಮುಟ್ಟು ನಿಂತದ್ದು ಎಷ್ಟನೇ ವಯಸ್ಸಿಗೆ? ಭಾರತೀಯ ಮಹಿಳೆಯರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46ರಿಂದ 47. ಪಾಶ್ಚಾತ್ಯ ದೇಶಗಳಲ್ಲಿ ಅದು ಸುಮಾರು 51. ಸ್ಪೇನ್ ಮತ್ತು ಭಾರತದ ಮಹಿಳೆಯರನ್ನು ಹೋಲಿಸಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾರತೀಯರ ಅಂಡಾಶಯಗಳು ಸುಮಾರು ಆರು ವರ್ಷ ಮುಂದಾಗಿಯೇ ಸೊರಗುತ್ತಿರುವಂತೆ ಕಂಡುಬಂದಿತ್ತು. ವಿದೇಶಿ ಲೇಖನಗಳಲ್ಲಿರುವ ವಯಸ್ಸಿನ ಲೆಕ್ಕವನ್ನು ನಮಗೆ ಹಾಗೆಯೇ ಅನ್ವಯಿಸಿಕೊಳ್ಳುವಾಗ ಇದು ನೆನಪಿರಲಿ. ತಾಯಿಗೆ 42ರಲ್ಲೇ ಮುಟ್ಟು ನಿಂತಿದ್ದರೆ ಮಗಳು 30ರೊಳಗೇ ಒಮ್ಮೆ ತಜ್ಞರ ಸಲಹೆ ಪಡೆಯುವುದು ವಿವೇಕದ ಮಾತು.

ಪ್ರಯತ್ನಕ್ಕೆ ಮೂರು ತಿಂಗಳ ಮುನ್ನ

ವರ್ಣತಂತುಗಳಲ್ಲಿ ವಯಸ್ಸು ಉಂಟುಮಾಡಿದ ದೋಷವನ್ನು ಯಾವ ಆಹಾರವೂ ಸರಿಪಡಿಸದು. ಆದರೂ ಅಂಡಾಣು ಬೆಳೆದು ಬಲಿಯುವ ಕೊನೆಯ ಹಂತಕ್ಕೆ ಸುಮಾರು ಮೂರು ತಿಂಗಳು ಹಿಡಿಯುವುದರಿಂದ ಆ ಅವಧಿಯಲ್ಲಿ ದೇಹವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದಕ್ಕೆ ಅರ್ಥವಿದೆ. ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್ ಮತ್ತು ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ. ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂನಂತೆ ಆರಂಭಿಸಬೇಕು. ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 5 ಮಿಲಿಗ್ರಾಂ ಮಾತ್ರೆಯಾದ್ದರಿಂದ ನಿಮಗೆ ಯಾವುದು ತಕ್ಕದ್ದೆಂದು ವೈದ್ಯರನ್ನೇ ಕೇಳಿ. ರುಬೆಲ್ಲಾ ಲಸಿಕೆ ಹಾಕಿಸಿಕೊಂಡರೆ ನಂತರ ಒಂದು ತಿಂಗಳು ಗರ್ಭ ಧರಿಸಬಾರದು. ಧೂಮಪಾನ ಅಂಡಾಣುಗಳ ನಾಶವನ್ನು ನೇರವಾಗಿ ಹೆಚ್ಚಿಸುತ್ತದೆ. ಧೂಮಪಾನ ಮಾಡುವವರಿಗೆ ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ. ಗಂಡ ಮನೆಯೊಳಗೆ ಬಿಡುವ ಹೊಗೆಯೂ ಒಳ್ಳೆಯದಲ್ಲ, ಆತನ ವೀರ್ಯಾಣುಗಳಿಗಂತೂ ಮೊದಲೇ ಅಲ್ಲ. ಸಕ್ಕರೆ ಕಾಯಿಲೆ, ಮೂರ್ಛೆರೋಗ ಅಥವಾ ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿರುವವರು ಅವನ್ನು ತಾವೇ ನಿಲ್ಲಿಸದೆ, ಗರ್ಭಿಣಿಯರಿಗೆ ಹೊಂದುವ ಔಷಧಿಗೆ ಬದಲಾಯಿಸಿಕೊಳ್ಳಬೇಕೇ ಎಂದು ಮುಂಚಿತವಾಗಿಯೇ ವಿಚಾರಿಸಬೇಕು.

ದಿನಗಳ ಲೆಕ್ಕ

ಬಿಡುಗಡೆಯಾದ ಅಂಡಾಣು ಬದುಕಿರುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣುಗಳು ಹೆಣ್ಣಿನ ದೇಹದಲ್ಲಿ ಐದು ದಿನಗಳವರೆಗೆ ಬದುಕಬಲ್ಲವು. ಹಾಗಾಗಿ ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನಗಳೇ ಫಲವತ್ತಾದ ದಿನಗಳು. ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಎಂಬುದನ್ನು ಗಮನಿಸಿ; ಹಿಂದಿನ ಮುಟ್ಟಿನಿಂದ ಹದಿನಾಲ್ಕು ಎಣಿಸುವುದು 28 ದಿನದ ಚಕ್ರ ಇರುವವರಿಗೆ ಮಾತ್ರ ಹೊಂದುತ್ತದೆ. ಈ ದಿನಗಳಲ್ಲಿ ದಿನವೂ ಅಥವಾ ದಿನ ಬಿಟ್ಟು ದಿನ ಸೇರಿದರೆ ಸಾಕು. ಗಂಡ ಬೆಂಗಳೂರಿನಲ್ಲಿ, ಹೆಂಡತಿ ಊರಿನಲ್ಲಿ, ಅಥವಾ ಒಬ್ಬರು ವಿದೇಶದಲ್ಲಿ ಇರುವ ದಂಪತಿಗಳು ‘ಎರಡು ವರ್ಷದಿಂದ ಪ್ರಯತ್ನಿಸುತ್ತಿದ್ದೇವೆ’ ಎಂದಾಗ, ಆ ಎರಡು ವರ್ಷಗಳಲ್ಲಿ ಈ ಆರು ದಿನಗಳು ಎಷ್ಟು ಸಲ ಒಟ್ಟಿಗೆ ಸಿಕ್ಕಿದ್ದವು ಎಂದು ಎಣಿಸಿ ನೋಡಬೇಕು.

ಪರೀಕ್ಷೆಗಳು: ಯಾವುದು ಏನನ್ನು ಹೇಳುತ್ತದೆ

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಗಂಡನ ವೀರ್ಯ ಪರೀಕ್ಷೆ. ಇದು ಅಗ್ಗ, ನೋವಿಲ್ಲದ್ದು, ಒಂದೇ ದಿನದಲ್ಲಿ ಮುಗಿಯುವಂಥದ್ದು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಿನ ಕಡೆಯ ಕಾರಣ ಪೂರ್ತಿಯಾಗಿಯೋ ಭಾಗಶಃವಾಗಿಯೋ ಇರುತ್ತದೆ. ಹೀಗಿದ್ದರೂ ಹೆಂಡತಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಹರಕೆ ಹೊತ್ತು, ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್ ಮಾಡಿಸಿಕೊಂಡು ಎರಡು ಮೂರು ವರ್ಷ ಕಳೆದ ಮೇಲೆ ಗಂಡನ ಪರೀಕ್ಷೆಯ ಮಾತು ಬರುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಅಂಡಾಣುವಿನ ಕಾಲ ಓಡುತ್ತಿರುವಾಗ ಈ ವಿಳಂಬ ಅನ್ಯಾಯ ಮಾತ್ರವಲ್ಲ, ಮುಂದೆ ತುಂಬಿಕೊಳ್ಳಲಾಗದ ನಷ್ಟವೂ ಹೌದು. ಗಂಡನ ವರದಿ ಬಾರದ ಹೊರತು ಹೆಂಡತಿಯ ಚಿಕಿತ್ಸೆ ಆರಂಭಿಸಬೇಡಿ ಎಂದು ಒತ್ತಾಯಿಸುವ ಹಕ್ಕು ಪ್ರತಿ ಮಹಿಳೆಗೂ ಇದೆ.

ಎಎಂಎಚ್ ಪರೀಕ್ಷೆಯನ್ನು ಮುಟ್ಟಿನ ಯಾವ ದಿನ ಬೇಕಾದರೂ ಮಾಡಿಸಬಹುದು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದು ನಿಜಕ್ಕಿಂತ ಕಡಿಮೆ ತೋರಿಸಬಹುದು. ಹಾರ್ಮೋನುಗಳ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ಪಿಸಿಓಎಸ್ ತೊಂದರೆ ಇದ್ದರೆ ಹೆಚ್ಚು ತೋರಿಸುತ್ತದೆ. ಪ್ರಯೋಗಾಲಯಗಳು ಇದನ್ನು ಎರಡು ಬೇರೆ ಮಾನಗಳಲ್ಲಿ ವರದಿ ಮಾಡುವುದರಿಂದ ಹೋಲಿಸುವಾಗ ಎಚ್ಚರ ಬೇಕು: ಒಂದು ಮಿಲಿಲೀಟರಿಗೆ 1 ನ್ಯಾನೋಗ್ರಾಂ ಎಂದರೆ ಒಂದು ಲೀಟರಿಗೆ ಸುಮಾರು 7 ಪಿಕೋಮೋಲ್. ಮುಟ್ಟಿನ ಎರಡರಿಂದ ಐದನೇ ದಿನದೊಳಗೆ ಒಳಸ್ಕ್ಯಾನಿಂಗ್ ಮಾಡಿ ಅಂಡಾಶಯದಲ್ಲಿ ಕಾಣುವ, ಅಂಡಾಣುವನ್ನು ಹೊತ್ತ ಸಣ್ಣ ಚೀಲಗಳಾದ ಫಾಲಿಕಲ್‌ಗಳನ್ನು ಎಣಿಸುವುದೂ, ಎರಡು ಅಥವಾ ಮೂರನೇ ದಿನ ಎಫ್‌ಎಸ್‌ಎಚ್ ಮತ್ತು ಎಸ್ಟ್ರಡಯಾಲ್ ಎಂಬ ಹಾರ್ಮೋನುಗಳನ್ನು ರಕ್ತದಲ್ಲಿ ನೋಡುವುದೂ ಇದೇ ಎಣಿಕೆಯ ಬೇರೆ ಬೇರೆ ದಾರಿಗಳು. ಈ ಸಂಖ್ಯೆಗಳಿಂದ ನಿಜವಾಗಿಯೂ ಉಪಯೋಗವಾಗುವುದು, ಅಂಡಾಣುವನ್ನು ದೇಹದ ಹೊರಗೆ ವೀರ್ಯಾಣುವಿನೊಂದಿಗೆ ಸೇರಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಐವಿಎಫ್ ಮಾಡುವಾಗ ಚುಚ್ಚುಮದ್ದಿಗೆ ಎಷ್ಟು ಅಂಡಾಣುಗಳು ಬೆಳೆದುಬರಬಹುದು ಎಂದು ಊಹಿಸುವುದಕ್ಕೆ. 30ರಿಂದ 44 ವರ್ಷದ, ಹಿಂದೆ ಬಂಜೆತನದ ತೊಂದರೆ ಇರದ ಮಹಿಳೆಯರ ಮೇಲೆ ನಡೆದು 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಎಂಎಚ್ ಕಡಿಮೆ ಇದ್ದವರೂ ಉಳಿದವರಷ್ಟೇ ಪ್ರಮಾಣದಲ್ಲಿ ಸಹಜವಾಗಿ ಗರ್ಭ ಧರಿಸಿದ್ದರು. ತಿಂಗಳಿಗೆ ಬೇಕಾದದ್ದು ಒಂದೇ ಒಂದು ಒಳ್ಳೆಯ ಅಂಡಾಣು ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಹಾಗಾಗಿ 29ರಲ್ಲಿ ಎಎಂಎಚ್ ಕಡಿಮೆ ಇರುವವಳಿಗೆ ಅಂಡಾಣುಗಳು ಕೆಲವೇ ಇದ್ದರೂ ಅವು 29ರ ಗುಣದವು. 41ರಲ್ಲಿ ಎಎಂಎಚ್ ಚೆನ್ನಾಗಿರುವವಳಿಗೆ ಹಲವು ಇದ್ದರೂ ಅವು 41ರ ಗುಣದವು. ಮೊದಲನೆಯವಳು ಹೆಚ್ಚು ಕಾಲ ಮುಂದೂಡಬಾರದು. ಎರಡನೆಯವಳು ವರದಿ ನೋಡಿ ಮೈಮರೆಯಬಾರದು.

ಅಂಡನಾಳ ತೆರೆದಿದೆಯೇ ಎಂದು ನೋಡುವ ಎಚ್‌ಎಸ್‌ಜಿ ಎಕ್ಸ್‌ರೇ ಪರೀಕ್ಷೆಯನ್ನು ಆ ತಿಂಗಳ ಮುಟ್ಟಿನ ಸ್ರಾವ ನಿಂತ ಮೇಲೆ, ಅಂಡಾಣು ಬಿಡುಗಡೆಯಾಗುವ ಮೊದಲು ಮಾಡಿಸಬೇಕು.

ಚಿಕಿತ್ಸೆಗೆ ಹೋಗುವಾಗ

ಐವಿಎಫ್‌ನಿಂದ ಏನಾಗುತ್ತದೆ ಎಂಬುದರ ಬಗ್ಗೆ ಇರುವಷ್ಟು ತಪ್ಪು ನಿರೀಕ್ಷೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಅದು ಮುಚ್ಚಿದ ಅಂಡನಾಳವನ್ನು ಬಳಸಿ ದಾಟುತ್ತದೆ, ದುರ್ಬಲ ವೀರ್ಯಾಣುವಿಗೆ ನೆರವಾಗುತ್ತದೆ, ಒಂದು ತಿಂಗಳಲ್ಲಿ ಒಂದರ ಬದಲು ಹಲವು ಅಂಡಾಣುಗಳನ್ನು ಒದಗಿಸುತ್ತದೆ. ಅಂಡಾಣುವಿನ ವಯಸ್ಸನ್ನು ಹಿಂದಕ್ಕೆ ತಿರುಗಿಸುವುದು ಮಾತ್ರ ಅದರಿಂದಾಗದು. ‘ಬೇಕಾದಾಗ ಐವಿಎಫ್ ಇದ್ದೇ ಇದೆ’ ಎಂಬ ಧೈರ್ಯದಿಂದ 42ರವರೆಗೆ ಮುಂದೂಡುವವರಿಗೆ ಇದನ್ನು ಯಾರಾದರೂ ಮುಂಚೆಯೇ ಹೇಳಬೇಕಾಗಿತ್ತು ಎಂದು ನನಗೆ ಎಷ್ಟೋ ಬಾರಿ ಅನ್ನಿಸಿದೆ. ಕೇಂದ್ರವನ್ನು ಆರಿಸುವಾಗ ‘ನಿಮ್ಮ ಯಶಸ್ಸಿನ ಪ್ರಮಾಣ ಎಷ್ಟು’ ಎಂದು ಕೇಳಿದರೆ ಸಾಲದು. ನನ್ನ ವಯಸ್ಸಿನವರಲ್ಲಿ, ಅವರದೇ ಅಂಡಾಣುಗಳಿಂದ, ಆರಂಭಿಸಿದ ಪ್ರತಿ ನೂರು ಚಿಕಿತ್ಸೆಗಳಿಗೆ ಎಷ್ಟು ಮಂದಿ ಜೀವಂತ ಮಗುವಿನೊಂದಿಗೆ ಮನೆಗೆ ಹೋದರು ಎಂದು ಕೇಳಿ. ದಾನಿಯ ಅಂಡಾಣುವಿನಿಂದಾದ ಗರ್ಭಗಳನ್ನೂ, ಎರಡು ವಾರಕ್ಕೆ ಪಾಸಿಟಿವ್ ಬಂದು ನಿಲ್ಲದ ಗರ್ಭಗಳನ್ನೂ ಸೇರಿಸಿ ಹೇಳಿದ ಪ್ರಮಾಣದಿಂದ ನಿಮಗೆ ಉಪಯೋಗವಿಲ್ಲ.

ಭ್ರೂಣದ ವರ್ಣತಂತುಗಳನ್ನು ಪರೀಕ್ಷಿಸಿ ಆಯ್ಕೆ ಮಾಡುವ ಪದ್ಧತಿಯೂ ಇದೆ. ಅದು ದೋಷವಿರುವ ಭ್ರೂಣವನ್ನು ಗುರುತಿಸುತ್ತದೆ, ಸರಿಪಡಿಸುವುದಿಲ್ಲ. ಇರುವ ಭ್ರೂಣಗಳೇ ಒಂದೆರಡಾದರೆ ಅದರ ಪ್ರಯೋಜನ ಸೀಮಿತ. ಇದರ ನೆಪದಲ್ಲಿ ಗಂಡೋ ಹೆಣ್ಣೋ ಎಂದು ತಿಳಿಯುವುದು 1994ರ ಕಾಯಿದೆಯಡಿ ಅಪರಾಧ.

2021ರ ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನ ಕಾಯಿದೆಯ ಪ್ರಕಾರ ಇಂಥ ಚಿಕಿತ್ಸೆ ಪಡೆಯುವ ಮಹಿಳೆಯ ವಯಸ್ಸು 21ರಿಂದ 50ರ ನಡುವೆ, ಪುರುಷನದು 21ರಿಂದ 55ರ ನಡುವೆ ಇರಬೇಕು. ಕೇಂದ್ರ ಕಡ್ಡಾಯವಾಗಿ ನೋಂದಣಿಯಾಗಿರಬೇಕು. ಅಂಡಾಣು ದಾನಿ 23ರಿಂದ 35 ವರ್ಷದವಳಾಗಿರಬೇಕು, ಜೀವನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣುಗಳನ್ನು ಆಕೆಯಿಂದ ತೆಗೆಯುವಂತಿಲ್ಲ. 50 ಎಂಬುದು ಕಾನೂನು ಹಾಕಿದ ಮಿತಿಯೇ ಹೊರತು, ಅಲ್ಲಿಯವರೆಗೆ ಸ್ವಂತ ಅಂಡಾಣುವಿನಿಂದ ಮಗುವಾಗುತ್ತದೆ ಎಂಬ ಭರವಸೆಯಲ್ಲ. 44 ಅಥವಾ 45 ದಾಟಿದ ಮೇಲೆ ಅಂಥ ಸಾಧ್ಯತೆ ತೀರ ವಿರಳ. ದಾನಿಯ ಅಂಡಾಣು ಬೇಕೇ, ದತ್ತು ಪಡೆಯಬೇಕೇ, ಅಥವಾ ಇಬ್ಬರೇ ಬದುಕು ಕಟ್ಟಿಕೊಳ್ಳಬೇಕೇ ಎಂಬ ನಿರ್ಧಾರವನ್ನು ಒಂದರ ಮೇಲೊಂದು ಸೋತ ಚಿಕಿತ್ಸೆಗಳ ದಣಿವಿನ ನಡುವೆ ತೆಗೆದುಕೊಳ್ಳುವ ಬದಲು, ಆರಂಭದಲ್ಲೇ ಗಂಡ ಹೆಂಡತಿ ಕುಳಿತು ಮಾತಾಡಿ, ಎಷ್ಟು ಸಲ, ಎಷ್ಟು ಹಣ ಎಂಬ ಮಿತಿಯನ್ನು ಬರೆದಿಟ್ಟುಕೊಳ್ಳುವುದು ಮೇಲು.

ಈಗಲೇ ಮಗು ಬೇಡ, ಆದರೆ ಮುಂದೆ ಬೇಕು ಎನ್ನುವವರಿಗೆ ಅಂಡಾಣುಗಳನ್ನು ಶೈತ್ಯೀಕರಿಸಿ ಇಡುವ ದಾರಿ ಇದೆ. ಹತ್ತು ಹನ್ನೆರಡು ದಿನ ಚುಚ್ಚುಮದ್ದು ಪಡೆದು, ಅರಿವಳಿಕೆಯಲ್ಲಿ ಅಂಡಾಣುಗಳನ್ನು ಹೊರತೆಗೆದು, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಅಲ್ಲಿ ಅವುಗಳ ವಯಸ್ಸು ನಿಲ್ಲುತ್ತದೆ. ಆದ್ದರಿಂದಲೇ 35ರೊಳಗೆ ಇಟ್ಟರೆ ಇದಕ್ಕೆ ಬೆಲೆ. 40ರಲ್ಲಿ ಇಟ್ಟರೆ 40ರ ಗುಣವನ್ನೇ ಕಾಯ್ದಿಟ್ಟಂತಾಗುತ್ತದೆ. ಕರಗಿಸುವಾಗ, ಫಲಿಸುವಾಗ, ಅಂಟುವಾಗ ಪ್ರತಿ ಹಂತದಲ್ಲೂ ಕೆಲವು ಕೈಬಿಟ್ಟುಹೋಗುವುದರಿಂದ ಏಳೆಂಟು ಅಂಡಾಣುಗಳನ್ನು ಇಟ್ಟು ನಿಶ್ಚಿಂತರಾಗುವಂತಿಲ್ಲ. ಕ್ಯಾನ್ಸರ್ ಚಿಕಿತ್ಸೆ ಆರಂಭವಾಗಲಿರುವ ತರುಣಿಯರಂತೂ ಕೀಮೋಗೆ ಮೊದಲೇ ಈ ವಿಷಯವನ್ನು ತಮ್ಮ ವೈದ್ಯರ ಬಳಿ ಎತ್ತಲೇಬೇಕು.

ಕೊಎನ್‌ಜೈಮ್ ಕ್ಯೂ10, ಡಿಎಚ್‌ಇಎ ಎಂಬ ಪೂರಕ ಮಾತ್ರೆಗಳು, ಸ್ವಂತ ರಕ್ತದಿಂದಲೇ ತಯಾರಿಸಿ ಅಂಡಾಶಯಕ್ಕೆ ಚುಚ್ಚುವ ಪಿಆರ್‌ಪಿ, ‘ಅಂಡಾಣು ಪುಷ್ಟಿ’ಯ ಪುಡಿಗಳು ಮುಂತಾದವುಗಳಿಂದ ವಯಸ್ಸಾದ ಅಂಡಾಣು ಸರಿಹೋಗಿ ಹೆಚ್ಚು ಮಕ್ಕಳು ಹುಟ್ಟುತ್ತಾರೆ ಎಂಬುದು ಗಟ್ಟಿಯಾಗಿ ಸಾಬೀತಾಗಿಲ್ಲ. ಇವುಗಳಿಗೆ ಖರ್ಚಾಗುವ ಹಣಕ್ಕಿಂತ, ‘ಮೂರು ತಿಂಗಳು ತೆಗೆದುಕೊಂಡು ನೋಡೋಣ’ ಎಂದು ಮತ್ತೆ ಮತ್ತೆ ಕಳೆಯುವ ತಿಂಗಳುಗಳೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತವೆ.

ಗರ್ಭ ನಿಂತ ಮೇಲೆ

ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ ತಾಯಿಗೆ 25 ವರ್ಷವಿದ್ದಾಗ ಸುಮಾರು 1,250ಕ್ಕೆ ಒಂದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಇದರ ಇನ್ನೊಂದು ಮುಖವನ್ನೂ ನೋಡಿ: 40ರ ತಾಯಂದಿರಲ್ಲೂ ನೂರಕ್ಕೆ 99 ಮಂದಿಯ ಮಕ್ಕಳಿಗೆ ಈ ಸ್ಥಿತಿ ಇರುವುದಿಲ್ಲ. 11ರಿಂದ 13 ವಾರಗಳ ನಡುವೆ, ಮಗುವಿನ ಕತ್ತಿನ ಹಿಂಭಾಗದ ದ್ರವವನ್ನು ಅಳೆಯುವ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ತಾಯಿಯ ರಕ್ತದಿಂದಲೇ ಮಗುವಿನ ವರ್ಣತಂತುಗಳ ಸುಳಿವು ನೋಡುವ ಎನ್‌ಐಪಿಟಿ 10ನೇ ವಾರದಿಂದ ಸಾಧ್ಯ. ಅದರಲ್ಲಿ ಅಪಾಯ ಹೆಚ್ಚೆಂದು ಬಂದರೂ ಗರ್ಭದ ನೀರಿನ ಪರೀಕ್ಷೆಯಿಂದ ಖಚಿತವಾಗುವವರೆಗೆ ಯಾವ ತೀರ್ಮಾನಕ್ಕೂ ಬರಬಾರದು. ರಕ್ತದೊತ್ತಡ ಮತ್ತು ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ 35ರ ನಂತರ ಹೆಚ್ಚಾಗಿ ಕಾಣುವುದರಿಂದ ಒಂದು ತಪಾಸಣೆಯನ್ನೂ ತಪ್ಪಿಸಬಾರದು.

ಗರ್ಭಪಾತದ ವಿಷಯವನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. 30ರೊಳಗೆ ಗುರುತಿಸಿದ ಗರ್ಭಗಳಲ್ಲಿ ಸುಮಾರು ಹತ್ತರಲ್ಲಿ ಒಂದು ನಿಲ್ಲದೆ ಹೋದರೆ, 40ರ ಹೊತ್ತಿಗೆ ಮೂರರಲ್ಲಿ ಒಂದು, 45ರ ನಂತರ ಅರ್ಧಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಆರಂಭದ ತಿಂಗಳುಗಳಲ್ಲಾಗುವ ಗರ್ಭಪಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಾರಣ ಆಗಲೇ ಹೇಳಿದ ವರ್ಣತಂತುಗಳ ದೋಷ. ಅದು ಗರ್ಭ ನಿಲ್ಲುವ ಮೊದಲೇ ನಿರ್ಧಾರವಾಗಿರುತ್ತದೆ. ಪರಂಗಿ ಹಣ್ಣು ತಿಂದದ್ದು, ಮೆಟ್ಟಿಲು ಹತ್ತಿದ್ದು, ಸ್ಕೂಟರಿನಲ್ಲಿ ಕೆಲಸಕ್ಕೆ ಹೋದದ್ದು ಇದನ್ನು ಉಂಟುಮಾಡಿರುವುದಿಲ್ಲ. ಆಕೆಯನ್ನು ಹಾಗೆ ದೂರುವ ಮಾತು ಮನೆಯಲ್ಲಿ ಬಂದರೆ ಗಂಡನೇ ಮುಂದೆ ನಿಂತು ತಡೆಯಬೇಕು. ಎರಡು ಸಲ ಗರ್ಭಪಾತವಾದರೆ ಮೂರನೆಯದಕ್ಕೆ ಕಾಯದೆ ಕಾರಣ ಹುಡುಕುವ ಪರೀಕ್ಷೆಗಳನ್ನು ಕೇಳಿ. ಹೊರಬಂದ ಅಂಗಾಂಶವನ್ನು ವರ್ಣತಂತು ಪರೀಕ್ಷೆಗೆ ಕಳುಹಿಸಬಹುದೇ ಎಂದೂ ಆಗಲೇ ವಿಚಾರಿಸಿ. 38 ದಾಟಿದವರು ಗರ್ಭಪಾತದ ನಂತರ ಆರು ತಿಂಗಳೋ ಒಂದು ವರ್ಷವೋ ಸುಮ್ಮನೆ ಬಿಡಬೇಕಾಗಿಲ್ಲ: ರಕ್ತಸ್ರಾವ ಪೂರ್ತಿ ನಿಂತು, ಒಂದು ಮುಟ್ಟು ಸಹಜವಾಗಿ ಬಂದು, ರಕ್ತಹೀನತೆ ಇಲ್ಲವೆಂದು ಖಚಿತವಾಗಿ, ಆಕೆಯ ಮನಸ್ಸೂ ಸಿದ್ಧವಾಗಿದ್ದರೆ, ವೈದ್ಯರನ್ನು ಕೇಳಿ ಮುಂದಿನ ಚಕ್ರದಿಂದಲೇ ಮತ್ತೆ ಪ್ರಯತ್ನಿಸಬಹುದು.